ನೀಲಿ ಕಾಗದದ ಸ್ಪ್ರಿಂಗುಗಳು

ಬುಧವಾರ ಬೆಳಿಗ್ಗೆ ಮೇಸ್ತ್ರಿ ಹದಿನಾರು ಸ್ಪ್ರಿಂಗುಗಳನ್ನು ಸೀಮೆಎಣ್ಣೆಯಲ್ಲಿ ತೊಳೆದು, ಒಣಬಟ್ಟೆಯ ಮೇಲೆ ಸಾಲಾಗಿ ನಿಲ್ಲಿಸಿದರು. ಸ್ಟೂಲು ಎಳೆದುಕೊಂಡು ಕೂತು, ಮೊದಲನೆಯದರ ನೆತ್ತಿಗೆ ಹೆಬ್ಬೆರಳು ಊರಿ ಒತ್ತಿದರು. ಒತ್ತುವಾಗ ಕಣ್ಣು ಮುಚ್ಚಿಕೊಳ್ಳುವುದು ಅವರ ಅಭ್ಯಾಸ. ಉಳುವ ಮೊದಲು ಮಣ್ಣನ್ನು ಮುಷ್ಟಿಯಲ್ಲಿ ಹಿಡಿದು ಹದ ನೋಡುವವರ ಮುಖ ಹೇಗಿರುತ್ತದೋ ಹಾಗಿತ್ತು ಅವರ ಮುಖ.

ಹದಿನಾರೂ ಮುಗಿದ ಮೇಲೆ, "ಸಾಕು. ಒಳ್ಳೇ ಬಿಗಿ ಇದೆ" ಅಂದರು.

ಪಕ್ಕದಲ್ಲಿ ನಿಂತಿದ್ದವಳು ಅವರ ತಂಗಿಯ ಮಗಳು. ಇಪ್ಪತ್ತಾರು ತುಂಬಿದ್ದರೂ ಮನೆಯವರಿಗೆಲ್ಲ ಅವಳು ಇನ್ನೂ ಕೂಸು. ಈ ಸ್ಪ್ರಿಂಗುಗಳು ಸೇರಬೇಕಿದ್ದ ಬೈಕನ್ನು ಭಾನುವಾರದ ರೇಸಿನಲ್ಲಿ ಓಡಿಸುವವಳು ಅವಳೇ.

"ಹಾಗಾದ್ರೆ ಹಳದಿ ಕಾಗದದ್ದು ಬೇಡ್ವಾ ಮಾವ?"

"ಅದನ್ನ ನಿನ್ನೆ ಸಂಜೆ ಬಸ್ಸಿಗೆ ಹಾಕಿ ವಾಪಸ್ ಕಳಿಸಿದೆ. ಕಲ್ಲು ಕಲ್ಲು. ಅಷ್ಟು ಬಿಗಿ ಹಾಕಿದ್ರೆ ನಿನ್ನ ಹೊಸ ಕ್ಯಾಮು ಒಂದೇ ದಿನಕ್ಕೆ ಸವೆದು ಹೋಗುತ್ತೆ."

ಸ್ಪ್ರಿಂಗು ಮಾರುವವನು ಹದಿನಾರು ಹದಿನಾರರ ಎರಡು ಜೊತೆ ಕಳಿಸಿದ್ದ. ಮೆತ್ತನೆಯದನ್ನು ನೀಲಿ ಕಾಗದದಲ್ಲಿ, ಬಿಗಿಯದನ್ನು ಹಳದಿಯಲ್ಲಿ ಸುತ್ತಿದ್ದ. ಒಂದನ್ನು ಇಟ್ಟುಕೊಂಡು ಇನ್ನೊಂದನ್ನು ಹಿಂದಿರುಗಿಸಬೇಕಿತ್ತು.

ಮೇಸ್ತ್ರಿಯ ಶೆಡ್ಡು ಊರು ಮುಗಿದು ಹೊಲ ಶುರುವಾಗುವ ಕಡೆ ಇತ್ತು. ಮೂವತ್ತು ವರ್ಷ ಅವರು ನೀರೆತ್ತುವ ಪಂಪುಗಳನ್ನೂ ಟ್ರ್ಯಾಕ್ಟರುಗಳನ್ನೂ ಬಿಚ್ಚಿ ಕಟ್ಟಿದವರು. ರೇಸಿನ ಇಂಜಿನ್ನುಗಳು ಆಮೇಲೆ ಬಂದವು. ಬರಲು ಕಾರಣವೂ ಆ ಹೆಬ್ಬೆರಳೇ. ಒಮ್ಮೆ ದೂರದ ಊರಿನವರೊಬ್ಬರು ರೇಸಿನ ಬೈಕಿಗೆಂದು ಹೊಸ ಸ್ಪ್ರಿಂಗುಗಳನ್ನು ತಂದಾಗ ಮೇಸ್ತ್ರಿ ಒತ್ತಿ ನೋಡಿ, ಮೂರನ್ನು ಪಕ್ಕಕ್ಕಿಟ್ಟು, "ಇವು ಬೇರೆ ತಾಯಿ ಮಕ್ಕಳು" ಅಂದಿದ್ದರು. ಜೊತೆಗೆ ಬಂದಿದ್ದ ಅಳತೆಯ ಕಾಗದದಲ್ಲಿ ಎಲ್ಲವೂ ಒಂದೇ ಎಂದು ಬರೆದಿತ್ತು. ಪರೀಕ್ಷೆ ಮಾಡಿಸಿದಾಗ ಮೂರೂ ಮೆತ್ತಗಿದ್ದದ್ದು ನಿಜವಾಯಿತು. ಅಂದಿನಿಂದ ಜನ ಅವರನ್ನು ಹೆಬ್ಬೆಟ್ಟು ಮೇಸ್ತ್ರಿ ಎಂದು ಕರೆಯತೊಡಗಿದರು. ದಿನಪತ್ರಿಕೆಯನ್ನು ಮೊದಲ ಪುಟದಿಂದ ಕೊನೆಯವರೆಗೆ ಬಿಡದೆ ಓದುವ ಮನುಷ್ಯನಿಗೆ ಆ ಹೆಸರು! ಅವರು ಬೇಸರಪಡಲಿಲ್ಲ. ಆದರೆ ಕಾಗದದ ಮೇಲಿನ ನಂಬಿಕೆ ಹೋಯಿತು.

ಕೂಸು ಬೆಂಚಿನ ತುದಿಯಲ್ಲಿದ್ದ ಹೊಸ ಕ್ಯಾಮನ್ನು ಎತ್ತಿಕೊಂಡಳು. ಉದ್ದನೆಯ ಉಕ್ಕಿನ ಕಡ್ಡಿ. ಅದರ ಮೈಮೇಲೆ ಮೊಟ್ಟೆಯಾಕಾರದ ಉಬ್ಬುಗಳು. ಉಬ್ಬು ತಿರುಗಿ ಬಂದಾಗ, ಇಂಜಿನ್ನು ಉಸಿರಾಡುವ ಬಾಗಿಲಾದ ವಾಲ್ವನ್ನು ಒಳಕ್ಕೆ ತಳ್ಳಿ ತೆರೆಯುತ್ತದೆ. ತಳ್ಳಿದ್ದನ್ನು ಮನೆಗೆ ಕರೆತರುವುದು ಸ್ಪ್ರಿಂಗಿನ ಪಾಲು. ಇಂಜಿನ್ನು ನಿಮಿಷಕ್ಕೆ ಹನ್ನೆರಡು ಸಾವಿರ ಸುತ್ತು ತಿರುಗುವಾಗ ಈ ಹೋಗಿಬರುವ ಕೆಲಸ ಆರು ಸಾವಿರ ಸಲ ನಡೆಯಬೇಕು. ಉಬ್ಬು ಎತ್ತರವಾದಷ್ಟೂ ಇಂಜಿನ್ನಿಗೆ ಉಸಿರು ಹೆಚ್ಚು, ಸ್ಪ್ರಿಂಗಿಗೆ ಕಷ್ಟ ಹೆಚ್ಚು. ಸ್ಪ್ರಿಂಗು ಸೋತರೆ ವಾಲ್ವು ಹಿಂದಿರುಗುವ ಮೊದಲೇ ಪಿಸ್ಟನ್ನು ಮೇಲೆ ಬಂದು ಗುದ್ದುತ್ತದೆ. ಇಂಜಿನ್ನು ಕಚ್ಚಿಕೊಂಡು ಹಿಂದಿನ ಚಕ್ರ ನಿಂತುಬಿಡುತ್ತದೆ. ಆ ವೇಗದಲ್ಲಿ ಚಕ್ರ ನಿಂತರೆ ಮೇಲೆ ಕೂತವರ ಗತಿ ಏನೆಂಬುದನ್ನು ಮೇಸ್ತ್ರಿ ಒಮ್ಮೆ ಕಣ್ಣಾರೆ ಕಂಡಿದ್ದರು. ಅದರ ಬಗ್ಗೆ ಅವರು ಯಾರ ಹತ್ತಿರವೂ ಮಾತಾಡಿದವರಲ್ಲ.

"ಮಾವ, ಈ ಕ್ಯಾಮಿಗೆ ವಾಲ್ವು ಪೂರ್ತಿ ತೆರೆದಾಗ ಅರವತ್ತು ಕೆಜಿ ಬಿಗಿ ಬೇಕು ಅಂತ ಅದರ ಕಾಗದದಲ್ಲಿ ಬರ್ದಿದೆ. ಒಂದ್ಸಲ ತೂಗಿ ನೋಡೋಣ್ವಾ? ಸುಮ್ನೆ."

ಮೇಸ್ತ್ರಿಯ ಕೈ ನಿಂತಿತು. "ಸುಮ್ನೆ ಅಂದ್ರೆ?"

"ಸುಮ್ನೆ ಅಂದ್ರೆ ಸುಮ್ನೆ."

"ನನ್ನ ಬೆರಳನ್ನ ತಕ್ಕಡಿಗೆ ಹಾಕೋಕೆ ಹೊರಟಿದೀಯಾ ಕೂಸೇ? ನೀನು ಅಂಬೆಗಾಲಿಡೋ ಕಾಲಕ್ಕೇ ಇದು ಸ್ಪ್ರಿಂಗು ಒತ್ತಿ ನೋಡ್ತಿತ್ತು."

ಅವಳು ತಲೆ ತಗ್ಗಿಸಿದಳು. ಈ ಶೆಡ್ಡಿನಲ್ಲೇ ಸ್ಪ್ಯಾನರು ಹಿಡಿಯಲು ಕಲಿತವಳು. ಎದುರು ಮಾತಾಡಿ ಅಭ್ಯಾಸವಿರಲಿಲ್ಲ. ಕ್ಯಾಮನ್ನು ಬಟ್ಟೆಯಲ್ಲಿ ಸುತ್ತಿ ಇಟ್ಟು, ಊಟಕ್ಕೆಂದು ಶೆಡ್ಡಿಗೆ ಅಂಟಿಕೊಂಡಿದ್ದ ಮನೆಯೊಳಗೆ ಹೋದಳು.

ಮೇಸ್ತ್ರಿ ಒಬ್ಬರೇ ಉಳಿದರು. ಕೆಲಸಕ್ಕೆ ಕೈ ಹಾಕಿದರೂ ಮನಸ್ಸು ಕಹಿಯಾಗಿತ್ತು. ತೂಗಬೇಕಂತೆ! ಗೋಡೆಯ ಮೊಳೆಗೆ ನೇತುಹಾಕಿದ್ದ ಹಳೆಯ ಟ್ರ್ಯಾಕ್ಟರ್ ಸ್ಪ್ರಿಂಗು ಕಣ್ಣಿಗೆ ಬಿತ್ತು. ಅವರಿಗೆ ಕೆಲಸ ಕಲಿಸಿದಾತ ಕೊಟ್ಟದ್ದು ಅದು. ಇದರ ಸುತ್ತುಗಳು ಒಂದಕ್ಕೊಂದು ತಾಗುವಂತೆ ಒಂದೇ ಬೆರಳಲ್ಲಿ ಒತ್ತಿದ ದಿನ ನೀನು ಕೆಲಸಗಾರ ಎಂದಿದ್ದ. ಒಂದು ವರ್ಷ ಒದ್ದಾಡಿ ಒತ್ತಿದ್ದರು. ಆಮೇಲೆ ಅದು ಆಟವಾಗಿಬಿಟ್ಟಿತ್ತು. ಬಂದವರ ಮುಂದೆ ಒತ್ತಿ ತೋರಿಸುತ್ತಿದ್ದರು. ಅದನ್ನು ಮುಟ್ಟಿ ಎಷ್ಟು ವರ್ಷವಾಯಿತೋ ನೆನಪಾಗಲಿಲ್ಲ.

ಧೂಳು ಒರೆಸಿ, ಬೆಂಚಿನ ಮೇಲಿಟ್ಟು ಒತ್ತಿದರು. ಅರ್ಧಕ್ಕೆ ನಿಂತಿತು. ಎದ್ದು ನಿಂತು, ಹೆಗಲಿನ ಭಾರ ಕೊಟ್ಟು ಒತ್ತಿದರು. ಬೆರಳು ಪಕ್ಕಕ್ಕೆ ಜಾರಿತು. ಸ್ಪ್ರಿಂಗು ಹಾರಿ ನೆಲಕ್ಕೆ ಬಿದ್ದು, ಡ್ರಿಲ್ಲಿಂಗ್ ಮೆಷಿನ್ನಿನ ಕಾಲಿನವರೆಗೆ ಉರುಳಿತು.

ತುಕ್ಕು ಹಿಡಿದು ಬಿಗಿಯಾಗಿದೆ ಅಂದುಕೊಂಡರು. ಅಂದುಕೊಂಡದ್ದು ಒಂದು ಗಳಿಗೆ ಮಾತ್ರ. ಸ್ಪ್ರಿಂಗು ಮುದಿಯಾದಷ್ಟೂ ಮೆತ್ತಗಾಗುತ್ತದೆಯೇ ಹೊರತು ಬಿಗಿಯಾಗುವುದಿಲ್ಲ. ಇದನ್ನು ಅವರೇ ಎಷ್ಟು ಜನರಿಗೆ ಹೇಳಿಕೊಟ್ಟಿದ್ದರು! ಅದು ಬಿಗಿಯಾಗಿಲ್ಲ ಎಂದಮೇಲೆ ಉಳಿದದ್ದು ಒಂದೇ. ಬೆರಳಿನ ಬಲ ಇಳಿದವನಿಗೆ ಮೆತ್ತನೆಯದೂ ಬಿಗಿಯಾಗಿಯೇ ಕಾಣುತ್ತದೆ. ಬಟ್ಟೆಯ ಮೇಲೆ ಸಾಲಾಗಿ ನಿಂತಿದ್ದ ಹದಿನಾರನ್ನೂ ಅವರು ನೋಡಿದರು.

ಅಡುಗೆಮನೆಯಲ್ಲಿ ಹೆಂಡತಿ ತಟ್ಟೆ ಹಾಕುತ್ತಿದ್ದಳು. ಕೂಸು ಕೈ ತೊಳೆಯಲು ಹಿತ್ತಿಲಿಗೆ ಹೋಗಿದ್ದಳು. ಮೇಸ್ತ್ರಿ ಕೂತು, ಉಪ್ಪಿನ ಡಬ್ಬಿ ತೆಗೆದುಕೊಂಡು ಮುಚ್ಚಳ ತಿರುಗಿಸಿದರು. ಸಲೀಸಾಗಿ ಬಂತು. ಅದನ್ನೇ ನೋಡುತ್ತಾ ಕೂತರು. ಎದ್ದು ಹೋಗಿ ಗೂಡಿನಲ್ಲಿದ್ದ ಸಕ್ಕರೆ ಡಬ್ಬಿ, ಎಣ್ಣೆ ಡಬ್ಬಿ ಮುಟ್ಟಿದರು. ಎಲ್ಲದರ ಮುಚ್ಚಳವೂ ಸಡಿಲ.

"ಇದೇನೇ, ಒಂದಕ್ಕೂ ಮುಚ್ಚಳ ಸರಿಯಾಗಿ ಹಾಕಿಲ್ಲ?"

ಹೆಂಡತಿ ಸೌಟು ಹಿಡಿದುಕೊಂಡೇ ನಿಂತಳು. "ಇರುವೆ ಬರಲ್ಲ ಬಿಡಿ."

"ನಾನು ಇರುವೆ ಕೇಳಲಿಲ್ಲ."

"ಹೋದ ವರ್ಷ ನೀವು ಒಂದು ಡಬ್ಬಿ ತೆಗೆಯೋಕಾಗದೆ ಗೋಡೆಗೆ ಎಸೆದ್ರಲ್ಲ, ಅವತ್ತಿಂದ ಸಡಿಲ ಮಾಡೇ ಇಡ್ತೀನಿ. ಬಾಯಿಬಿಟ್ಟು ಹೇಳಿದ್ರೆ ನಿಮಗೆ ಸರಿಹೋಗ್ತಿತ್ತಾ?"

ಮೇಸ್ತ್ರಿ ಬಂದು ತಟ್ಟೆಯ ಮುಂದೆ ಕೂತರು. ಒಳಗೆ ಬಂದ ಕೂಸು ಇಬ್ಬರ ಮುಖವನ್ನೂ ನೋಡಿ ಬಾಗಿಲಲ್ಲೇ ನಿಂತಳು.

"ಕೂಸೇ," ಅಂದರು ಮೇಸ್ತ್ರಿ, "ಉಂಡ್ಕೊಂಡು ಕಾಳಿನ ಅಂಗಡಿಗೆ ಹೋಗಿ ತಕ್ಕಡಿ ತಗೊಂಬಾ."

ಕಾಳಿನ ಅಂಗಡಿಯವನು ತಕ್ಕಡಿಯ ಹಿಂದೆ ತಾನೂ ಬಂದ. ಮೂಟೆ ಇಟ್ಟು ತೂಗುವ, ಮುಳ್ಳು ತಿರುಗುವ ತಕ್ಕಡಿ ಅದು. "ಏನ್ ಮೇಸ್ತ್ರಿ, ಕಬ್ಬಿಣದ ಕಡಲೆ ವ್ಯಾಪಾರ ಶುರು ಮಾಡಿದ್ರಾ?" ಎಂದು ನಗೆಯಾಡಿದ. ಯಾರೂ ನಗದಿದ್ದಾಗ ಬಾಗಿಲ ಪಕ್ಕ ಸುಮ್ಮನೆ ನಿಂತುಕೊಂಡ.

ತಕ್ಕಡಿಯನ್ನು ಡ್ರಿಲ್ಲಿಂಗ್ ಮೆಷಿನ್ನಿನ ಕೆಳಗೆ ಇಟ್ಟು, ಅದರ ನಡುವೆ ಸ್ಪ್ರಿಂಗನ್ನು ನಿಲ್ಲಿಸಿದರು. ವಾಲ್ವು ಪೂರ್ತಿ ತೆರೆದಾಗ ಸ್ಪ್ರಿಂಗು ಎಷ್ಟು ಗಿಡ್ಡವಾಗಬೇಕೋ ಅಷ್ಟೇ ಎತ್ತರದ ಒಂದು ಕಬ್ಬಿಣದ ತುಂಡನ್ನು ಪಕ್ಕದಲ್ಲಿ ಅಳತೆಗೆ ಇಟ್ಟರು. ಮೆಷಿನ್ನಿನ ಹಿಡಿಯನ್ನು ಮೇಸ್ತ್ರಿಯೇ ಎಳೆದರು. ಮುಳ್ಳನ್ನು ಓದಿದ್ದು ಕೂಸು.

"ಐವತ್ತೊಂದು."

ಎರಡನೆಯದು ಐವತ್ತು. ಮೂರನೆಯದು ಮತ್ತೆ ಐವತ್ತೊಂದು. ಹದಿನಾರನ್ನೂ ತೂಗಿದರು. ಒಂದೂ ಐವತ್ತೆರಡು ದಾಟಲಿಲ್ಲ.

"ಕೆಳಗೆ ಒಂದೊಂದು ವಾಷರ್ ಕೊಟ್ರೆ?" ಕೂಸು ಕೇಳಿದಳು.

"ಬಿಗಿ ಬರುತ್ತೆ. ಆದ್ರೆ ಈ ಉಬ್ಬಿಗೆ ಪೂರ್ತಿ ಒತ್ತಿದಾಗ ಸುತ್ತೆಲ್ಲ ಒಂದಕ್ಕೊಂದು ತಾಗುತ್ತೆ. ಆಮೇಲೆ ಅದು ಸ್ಪ್ರಿಂಗಲ್ಲ, ಕಬ್ಬಿಣದ ಕೊಳವೆ. ಮುರಿಯುತ್ತೆ."

"ಹಳದಿ ಕಾಗದದ್ದು ಭಾನುವಾರದೊಳಗೆ ವಾಪಸ್ ಬರಲ್ವಾ?"

"ಇವತ್ತು ತಾನೇ ಮಾರೋನ ಕೈ ಸೇರಿರುತ್ತೆ. ಅವನು ಬಸ್ಸಿಗೆ ಹಾಕೋದು ವಾರಕ್ಕೊಂದೇ ಸಲ, ಮತ್ತೆ ಬರೋಕೆ ಸೋಮವಾರ ಆಗುತ್ತೆ. ನಾನೇ ಕಳಿಸಿದ್ದು." ಹಿಡಿಯನ್ನು ಬಿಟ್ಟು ಅವರು ಅವಳತ್ತ ತಿರುಗಿದರು. "ನನ್ನ ತಪ್ಪು ಕೂಸೇ. ಬೆರಳು ಸೋತಿದೆ. ಸೋತಿದ್ದು ನನಗೇ ಗೊತ್ತಾಗಲಿಲ್ಲ. ಹೋದ ವರ್ಷದ ಕ್ಯಾಮು ಹಾಕ್ತೀನಿ. ಅದರ ಉಬ್ಬು ಕಮ್ಮಿ, ಅದಕ್ಕೆ ಈ ಸ್ಪ್ರಿಂಗು ಸಾಕು. ಹತ್ತೂವರೆ ಸಾವಿರ ಸುತ್ತಿನ ಮೇಲೆ ಹೋಗ್ಬೇಡ."

ಹೋದ ವರ್ಷದ ಕ್ಯಾಮು! ಅದರಲ್ಲೇ ಅವಳು ಕೊನೆಯ ಸುತ್ತಿಗೆ ಹೋಗದೆ ಕೂದಲೆಳೆಯಲ್ಲಿ ಸೋತಿದ್ದು. ಹೊಸದಕ್ಕಾಗಿ ಹನ್ನೊಂದು ತಿಂಗಳು ಕಾದಿದ್ದಳು. ಕಣ್ಣಲ್ಲಿ ನೀರು ತುಂಬಿತು, ಸಿಟ್ಟಿನ ನೀರು.

"ಕೇಳ್ದಾಗಲೇ ತೂಗಿದ್ರೆ?"

"ಕೇಳ್ದಾಗಲೂ ಹಳದಿ ಹೋಗಿ ಆಗಿತ್ತು. ಕಳಿಸೋ ಮೊದಲು ನಾನು ನಿನ್ನ ಕೇಳ್ಬೇಕಿತ್ತು."

ಅವಳು ಹೊರಗೆ ಹೋಗಿ ಬೇಲಿಯ ಹತ್ತಿರ ತುಂಬಾ ಹೊತ್ತು ನಿಂತಳು. ಅಂಗಡಿಯವನು ತಕ್ಕಡಿ ಅಲ್ಲೇ ಇರಲಿ ಎಂದು ಸನ್ನೆ ಮಾಡಿ ಹೊರಟುಹೋದ. ಕೂಸು ಹಿಂತಿರುಗಿ ಬಂದಾಗ ಅವಳ ಕೈಯಲ್ಲಿ ಹಳೆಯ ಕ್ಯಾಮಿತ್ತು. ಮನೆಯ ಮೂಲೆಯ ಪೆಟ್ಟಿಗೆಯಿಂದ ತಾನೇ ತೆಗೆದು ತಂದಿದ್ದಳು.

"ಎಣ್ಣೆ ಹಚ್ಚಿ ಕೊಡ್ಲಾ ಮಾವ?"

"ಹಚ್ಚು."

ಭಾನುವಾರ, ವಿಮಾನಗಳು ಇಳಿಯುವುದನ್ನು ಬಿಟ್ಟು ಎಷ್ಟೋ ವರ್ಷವಾಗಿದ್ದ ಓಡುದಾರಿಯ ಮೇಲೆ, ಇಬ್ಬಿಬ್ಬರಾಗಿ ಓಡುವ ರೇಸಿನಲ್ಲಿ ಕೂಸು ಮೂರು ಸಲ ಬೈಕು ಓಡಿಸಿದಳು. ಎರಡು ಸಲ ಗೆದ್ದಳು. ಮೂರನೆಯ ಸಲ ಪಕ್ಕದವನು ಕೊನೆಯ ನೂರು ಗಜದಲ್ಲಿ ಅವಳನ್ನು ದಾಟಿ ಹೋದ. ತಂತಿಬೇಲಿಯಾಚೆ ನಿಂತಿದ್ದ ಮೇಸ್ತ್ರಿ ಇಂಜಿನ್ನಿನ ದನಿಯನ್ನಷ್ಟೇ ಕೇಳುತ್ತಿದ್ದರು. ಅದು ಹತ್ತೂವರೆ ಸಾವಿರಕ್ಕೆ ಏರಿ, ಅಲ್ಲೇ ನಿಂತು, ಮತ್ತೆ ಇಳಿಯಿತು. ಅಲ್ಲಿಯವರೆಗೆ ಅವರು ತಂತಿಯನ್ನು ಬಿಟ್ಟಿರಲಿಲ್ಲ.

ಅವಳು ಹೆಲ್ಮೆಟ್ಟು ತೆಗೆದು, "ಇನ್ನೂ ಒಂದು ಸಾವಿರ ಸುತ್ತು ಇದ್ದಿದ್ರೆ ಹಿಡೀತಿದ್ದೆ" ಅಂದಳು.

"ಹಿಡೀತಿದ್ದೆ," ಅಂದರು ಮೇಸ್ತ್ರಿ. ಸಮಾಧಾನದ ಮಾತು ಸೇರಿಸಲಿಲ್ಲ.

ಸಂಜೆ ಶೆಡ್ಡಿನಲ್ಲಿ ಇಂಜಿನ್ನಿನ ತಲೆ ಬಿಚ್ಚಿದರು. ಹದಿನಾರು ವಾಲ್ವುಗಳಲ್ಲಿ ಒಂದಕ್ಕೂ ಪಿಸ್ಟನ್ನು ತಾಗಿದ ಗುರುತಿರಲಿಲ್ಲ. ಸೋಮವಾರ ಹಳದಿ ಕಾಗದದ ಪೊಟ್ಟಣ ಬಂದರೆ ತಾನೇ ಬಂದು ಬಿಚ್ಚುವುದಾಗಿ, ಒಂದೊಂದನ್ನೂ ತೂಗಿ ಬರೆದಿಡುವುದಾಗಿ ಕೂಸು ಹೇಳಿದಳು. ಮೇಸ್ತ್ರಿ ಹೂಂ ಅಂದರು.

ಊಟಕ್ಕೆ ಕೂತಾಗ ಉಪ್ಪಿನ ಡಬ್ಬಿ ಎಂದಿನ ಜಾಗದಲ್ಲಿತ್ತು. ಮೇಸ್ತ್ರಿ ಮುಚ್ಚಳ ತಿರುಗಿಸಿದರು. ಬರಲಿಲ್ಲ. ಹೆಂಡತಿಯ ಕಡೆ ನೋಡಿದರು. ಅವಳು ಒಲೆಯ ಕಡೆ ತಿರುಗಿಕೊಂಡಿದ್ದಳು. ಇನ್ನೊಮ್ಮೆ ತಿರುಗಿಸಿ ನೋಡಿ, ಅವರು ಡಬ್ಬಿಯನ್ನು ಕೂಸಿನ ಕಡೆ ತಳ್ಳಿದರು.

"ತೆಗೆದುಕೊಡು."