ಹಾಲ್ಟಿಂಗ್ ಬಸ್ಸಿಗೊಂದು ಕೋಣೆ

ನಮ್ಮ ಕೆಂಜಿಗೆಕೊಪ್ಪಕ್ಕೆ ಬರುತ್ತಿದ್ದುದು ಒಂದೇ ಬಸ್ಸು. ಸಂಜೆ ಸಾಗರದಿಂದ ಹೊರಟು, ಕ್ರಾಸಿನಲ್ಲಿ ಟಾರು ರಸ್ತೆ ಬಿಟ್ಟು, ಕಾಡಿನ ಏರು ಹತ್ತಿ, ದೀಪ ಹಚ್ಚುವ ಹೊತ್ತಿಗೆ ಹಾಲಿನ ಡೈರಿಯ ಎದುರು ತಿರುಗಿ ನಿಲ್ಲುತ್ತಿತ್ತು. ರಾತ್ರಿ ಅಲ್ಲೇ ಹಾಲ್ಟು. ಬೆಳಿಗ್ಗೆ ಮೊದಲ ಟ್ರಿಪ್ಪಿಗೆ ಮತ್ತೆ ಸಾಗರ. ಊರಿನಲ್ಲಿ ಹೋಟೆಲಿಲ್ಲ. ಹಾಗಾಗಿ ಡ್ರೈವರ್ ಮಾಸ್ತಪ್ಪನಿಗೂ ಕಂಡಕ್ಟರ್ ಉಮೇಶನಿಗೂ ರಾತ್ರಿಯ ಊಟ ದಿನಕ್ಕೊಂದು ಮನೆಯದು. ಈ ಸರದಿಯನ್ನು ಯಾರೂ ಗೊತ್ತುಮಾಡಿದ್ದಲ್ಲ, ಯಾರೂ ತಪ್ಪಿಸಿದ್ದೂ ಇಲ್ಲ. ಸೂತಕದ ಮನೆಗೆ ಸರದಿ ಬಂದರೆ ಪಕ್ಕದ ಮನೆಯವರು ಹೇಳಿಸಿಕೊಳ್ಳದೆ ಅಕ್ಕಿ ತೊಳೆಯುತ್ತಿದ್ದರು.

ನಾನು ಈ ಬಸ್ಸನ್ನು ಅಜ್ಜಿಯ ಕತೆಯ ಒಳಗಿನಿಂದ ನೋಡಿದವಳು. ಅಜ್ಜಿ ಹುಲಿಯಮ್ಮನ ಕತೆಯಲ್ಲಿ ಒಂದು ದೊಡ್ಡ ಆಮೆ ಇತ್ತು. ಈಗ ಹಿನ್ನೀರಿನ ಅಡಿಗೆ ಹೋಗಿರುವ ಹಳೆಯ ಹೊಳೆಯಲ್ಲಿ ಅದರ ವಾಸ. ಸಂಜೆ ದಡಕ್ಕೆ ಬಂದು ಒಂದು ಹಿಡಿ ಅನ್ನ ಉಣ್ಣುತ್ತಿತ್ತು. ಬೆಳಗಾದರೆ ಊರವರನ್ನು ಬೆನ್ನ ಮೇಲೆ ಕೂರಿಸಿಕೊಂಡು ಆಚೆ ದಡ ಮುಟ್ಟಿಸುತ್ತಿತ್ತು.

"ಒಂದಿನ ಆಮೆ ಬರ್ದೇ ಇದ್ರೆ ಅಜ್ಜಿ?"

"ಉಂಡ ಆಮೆ ಬರ್ದೇ ಎಲ್ಲಿಗೆ ಹೋಗ್ತದೆ? ಕಂಬಳಿ ಹೊದ್ಕೊಂಡು ಮಲಗು."

ಅಜ್ಜಿ ತೀರಿಕೊಂಡ ಮೇಲೆ ಅವ್ವನ ಎರಡೂ ಕಿಡ್ನಿ ಕೆಟ್ಟವು. ವಾರಕ್ಕೆರಡು ಸಲ ಸಾಗರದ ಆಸ್ಪತ್ರೆಯಲ್ಲಿ ಡಯಾಲಿಸಿಸ್, ಬೆಳಗಿನ ಪಾಳಿ. ನಾನು ಜೊತೆಗೆ ಹೋಗುತ್ತಿದ್ದೆ. ಬಾಗಿಲ ಪಕ್ಕದ ಮೊದಲ ಸೀಟಿಗೆ ಮಾಸ್ತಪ್ಪ ತನ್ನ ಟವೆಲು ಹಾಸಿ ಇಟ್ಟಿರುತ್ತಿದ್ದ. ಯಾರಾದರೂ ಕೂರಲು ಹೋದರೆ, "ಅದು ಜಲಜಮ್ಮಂದು ಮಾರಾಯ್ರೆ, ಹಿಂದೆ ನಡೀರಿ," ಎನ್ನುತ್ತಿದ್ದ. ಬಸ್ಸು ತಪ್ಪಿದರೆ ಪಾಳಿ ತಪ್ಪುತ್ತಿತ್ತು. ಪಾಳಿ ತಪ್ಪಿದರೆ ಅವ್ವನ ಮೈಯೊಳಗೆ ನೀರು ಏರುತ್ತಿತ್ತು. ಮೊದಲು ಪಾದಕ್ಕೆ, ಆಮೇಲೆ ಮುಖಕ್ಕೆ, ಆಮೇಲೆ ಉಸಿರಿಗೆ.

ಕ್ರಾಸಿನ ಪಕ್ಕದ ಇಳಿಜಾರಿನಲ್ಲಿ ಹೊಸ ಬಡಾವಣೆ ಬರುತ್ತದೆಂಬ ಸುದ್ದಿ ತಂದವಳು ಅಕ್ಕ. ಲಿಖಿತಕ್ಕ ನಗರ ಯೋಜನೆ ಓದಿ ಶಿವಮೊಗ್ಗದ ಒಂದು ಸಣ್ಣ ಆಫೀಸಿನಲ್ಲಿ ಕೆಲಸಕ್ಕಿದ್ದಳು. 'ಹಸಿರುಮನೆ' ಎಂಬ ಆ ಬಡಾವಣೆಯ ಸಾರಿಗೆ ಯೋಜನೆ ಅವಳ ಪಾಲಿಗೆ ಬಂದಿತ್ತು. ಕಾರಿಲ್ಲದವರೂ ನೆಮ್ಮದಿಯಾಗಿ ಇರಬಹುದಾದ ಊರು ಮಾಡುತ್ತೇನೆ ಎಂದಳು. ಅಡುಗೆಮನೆಯಲ್ಲಿ ಮೊರದ ಮೇಲೆ ಅವರೆಕಾಳು ಹರಡಿ ಅವ್ವನಿಗೆ ವಿವರಿಸಿದಳು. ಒಂದೊಂದು ಕಾಳು ಒಂದೊಂದು ಮನೆ. ಬೆರಳಿನಿಂದ ಕಾಳು ಸರಿಸಿ ಸೈಕಲ್ ದಾರಿ ಮಾಡಿದಳು, ನೆರಳಿನ ಕಾಲುದಾರಿ ಮಾಡಿದಳು, ನಡುವೆ ಬಸ್ ನಿಲ್ದಾಣಕ್ಕೆ ಜಾಗ ಬಿಟ್ಟಳು.

"ಇಷ್ಟು ಜನ ಬಂದ್ರೆ ಬಸ್ಸು ದಿನಕ್ಕೆ ನಾಲ್ಕೈದು ಸಲ ಓಡ್ಲೇಬೇಕು ಅವ್ವಾ. ಅದೇ ಬಸ್ಸು ಮೇಲೆ ನಮ್ಮೂರಿಗೂ ಬರ್ತದೆ. ನೀನು ಮಧ್ಯಾಹ್ನದ ಪಾಳಿಗೂ ಹೋಗಬಹುದು."

ಪಕ್ಕದ ಮನೆಯ ದುರ್ಗಮ್ಮ ಬಾಗಿಲಲ್ಲಿ ನಿಂತು ನಕ್ಕಳು. "ಜಲಜಾ, ನಿನ್ ಮಗಳು ಊರಿಗೆ ವಿಮಾನ ಯಾವಾಗ ಇಳಿಸ್ತಾಳೆ ಕೇಳೇ. ನಂಗೆ ಕಿಟಕಿ ಸೀಟು ಬೇಕು."

ಅವ್ವ ನಗಲಿಲ್ಲ. ಮೊರದಿಂದ ಎರಡು ಕಾಳು ಹೆಕ್ಕಿ ಅಂಗೈಯಲ್ಲಿಟ್ಟುಕೊಂಡು ಕೇಳಿದಳು, "ಎಲ್ಲ ಸರಿ. ಇವರಿಬ್ರು ಎಲ್ಲಿ ಮಲಗ್ತಾರೆ?"

"ಯಾರು?"

"ಮಾಸ್ತಪ್ಪ, ಉಮೇಶ. ಸೀಟಿನ ಮೇಲೆ ಮುದುಡಿ ಮಲಗಿ ಮಲಗಿ ಮಾಸ್ತಪ್ಪನ ಸೊಂಟ ಹಿಡ್ಕೊಂಡು ಹೋಗಿದೆ ಕಣೇ. ಮಳೆಗಾಲದಲ್ಲಿ ಒದ್ದೆ ಬಟ್ಟೇಲೇ ಮಲಗ್ತಾರೆ. ಅಷ್ಟು ದೊಡ್ಡ ಊರು ಕಟ್ಟೋರು ಪಾಪದವ್ರಿಗೆ ಒಂದು ರೂಮು ಕಟ್ಟಕ್ಕಾಗಲ್ವಾ?"

ಅಕ್ಕನ ಕಣ್ಣು ಅರಳಿತು. ಆ ಎರಡು ಕಾಳನ್ನು ನಿಲ್ದಾಣದ ಪಕ್ಕ ಇಟ್ಟಳು.

ಪಂಚಾಯಿತಿಯ ಸಭೆಯಲ್ಲಿ ಬಡಾವಣೆಯ ಕಡೆಯ ಹರ್ಷವರ್ಧನ, ಊರವರ ಬೇಡಿಕೆ ಏನಾದರೂ ಇದೆಯೇ ಎಂದು ಕೇಳಿದ. ನಮ್ಮೂರವರು ನೀರು ಕೇಳಲಿಲ್ಲ, ಕೆಲಸ ಕೇಳಲಿಲ್ಲ. ಅವ್ವ ಎದ್ದು ನಿಂತು ಡ್ರೈವರಿಗೂ ಕಂಡಕ್ಟರಿಗೂ ಕೋಣೆ ಕೇಳಿದಳು. ಬಸ್ಸನ್ನೇ ಕೇಳಬೇಕೆಂದು ಯಾರಿಗೂ ಹೊಳೆಯಲಿಲ್ಲ. ನಮ್ಮ ಮನೆಯಲ್ಲಿ ಉಣ್ಣುವ ಬಸ್ಸನ್ನು ನಾವು ಯಾರಿಂದ ಕೇಳಬೇಕಿತ್ತು?

ಬಡಾವಣೆಯಲ್ಲಿ ಮೊದಲು ಎದ್ದದ್ದು ಆ ನಿಲ್ದಾಣ ಮತ್ತು ಆ ಕೋಣೆ. ಹೆಂಚಿನ ಮಾಡು, ಎರಡು ಮಂಚ, ಫ್ಯಾನು, ಬಿಸಿನೀರು. ನಿವೇಶನಗಳೆಲ್ಲ ಮಾರಿಹೋದವು, ಆದರೆ ಮನೆ ಒಂದೂ ಏಳಲಿಲ್ಲ. ಕೊಂಡವರು ರಜೆಯ ದಿನ ಕಾರಿನಲ್ಲಿ ಬಂದು ತಮ್ಮ ಕಲ್ಲುಕಂಬದ ಪಕ್ಕ ನಿಂತು ಫೋಟೊ ತೆಗೆಸಿಕೊಂಡು ಹೋಗುತ್ತಿದ್ದರು. ಅಕ್ಕನ ಸೈಕಲ್ ದಾರಿಯ ಮೇಲೆ ಕಾರು ನಿಲ್ಲಿಸುತ್ತಿದ್ದರು.

ಒಂದು ಸಂಜೆ ನಮ್ಮ ಮನೆಯ ಸರದಿ. ಅವ್ವ ಕೆಸುವಿನ ಸೊಪ್ಪಿನ ಸಾರು ಮಾಡಿ ಎರಡು ತಟ್ಟೆ ತೊಳೆದಿಟ್ಟಿದ್ದಳು. ಬಸ್ಸು ಬರಲಿಲ್ಲ. ಉಮೇಶ ಫೋನು ಮಾಡಿದ.

"ಭವ್ಯಾ, ಇವತ್ತಿಂದ ಹಾಲ್ಟು ಇಲ್ಲೇ ಕ್ರಾಸಲ್ಲಿ ಅಂತೆ. ರೂಮಿದೆ, ನೀರಿದೆ, ಲೈಟಿದೆ, ಇನ್ನು ಕಾಡಲ್ಲಿ ಗಾಡಿ ಎಂತಕ್ಕೆ ಸವೆಸ್ತೀರಿ ಅಂತ ಬಸ್ಸಿನ ಮಾಲೀಕ್ರು ಅಂದ್ರು. ಮಾಸ್ತಪ್ಪಣ್ಣ ಊಟ ಮಾಡ್ದೇ ಕೂತಿದ್ದಾನೆ. ನಿಮ್ಮವ್ವಂಗೆ ನೀನೇ ಹೇಳು, ನನ್ ಕೈಲಾಗಲ್ಲ."

ಅಕ್ಕ ಓಡಿ ಬಂದಳು. ಹರ್ಷವರ್ಧನನ ಎದುರು ನಿಂತು, "ನಿಲ್ದಾಣ ಹಾಕಿದ್ದು ಮೇಲಿನ ಊರಿನ ಬಸ್ಸು ಕಿತ್ಕೊಳ್ಳೋಕಲ್ಲ ಸರ್," ಎಂದಾಗ ನಾನೂ ಜೊತೆಗಿದ್ದೆ.

"ಮೇಡಂ, ನಾವೆಲ್ಲಿ ಕಿತ್ಕೊಂಡ್ವಿ? ನಕ್ಷೆಯಲ್ಲಿ ಕೋಣೆ ಬರೆದವರು ನೀವು, ಕೇಳಿದವರು ನಿಮ್ಮ ತಾಯಿ. ನಾವು ಕಟ್ಟಿಸಿಕೊಟ್ವಿ." ಅವನ ದನಿಯಲ್ಲಿ ಕೊಂಕಿರಲಿಲ್ಲ. ಅದೇ ಹೆಚ್ಚು ಹೆದರಿಸಿತು.

ಅಕ್ಕ ಸಿಕ್ಕಸಿಕ್ಕ ಕಚೇರಿಗೆ ಅಲೆದಳು. ನಮ್ಮೂರಿನವರೆಗೆ ಬಸ್ಸು ಬರಲೇಬೇಕೆಂಬ ನಿಯಮ ಎಂದೂ ಇರಲಿಲ್ಲವಂತೆ. ಪರ್ಮಿಟ್ಟು ಇದ್ದದ್ದೇ ಕ್ರಾಸಿನವರೆಗೆ. ಅದರಾಚೆಯ ದಾರಿ ಬರೀ ಅನ್ನದ ಋಣದಲ್ಲಿ ನಡೆದದ್ದು.

ಮೊದಲ ಕೆಲವು ವಾರ ಯಾರಾದರೂ ಜೀಪಿನಲ್ಲಿ ಕ್ರಾಸಿಗೆ ಬಿಟ್ಟರು. ಆಮೇಲೆ ಜೀಪಿನವರಿಗೂ ಅವರವರ ಕೆಲಸ. ಬೈಕಿನ ಹಿಂದೆ ಕೂರಿಸಿದೆ. ಬರುವಾಗ ಅವ್ವ ನಿತ್ರಾಣದಿಂದ ತಿರುವಿನಲ್ಲಿ ಜಾರಿ ಬಿದ್ದಳು. ಅಕ್ಕ ಸಾಗರದಲ್ಲಿ ಬಾಡಿಗೆಗೆ ಕೋಣೆ ಹಿಡಿಯುತ್ತೇನೆಂದಳು. "ಕರು ಹಾಕೋ ದನ ಬಿಟ್ಟು ಹೋಗಕ್ಕಾಗ್ತದಾ? ಕರು ಹಾಕ್ಲಿ, ಆಮೇಲೆ ನೋಡಣ," ಎಂದಳು ಅವ್ವ. ಒಂದು ಪಾಳಿ ತಪ್ಪಿತು. ಮತ್ತೊಂದು ತಪ್ಪಿತು. ನೀರು ಪಾದ ದಾಟಿತು.

ಮಳೆ ಹಿಡಿದ ಒಂದು ಬೆಳಗಿನ ಜಾವ ಅವ್ವನಿಗೆ ಉಸಿರು ಸಿಕ್ಕಲಿಲ್ಲ. ಆಂಬುಲೆನ್ಸಿಗೆ ಕರೆ ಮಾಡಿದರೆ ಬೇರೆಲ್ಲೋ ಹೋಗಿದೆ, ಕಾಯಿರಿ ಎಂದರು. ಉಮೇಶನ ಫೋನು ಹತ್ತಲಿಲ್ಲ. ದುರ್ಗಮ್ಮನ ಮಗ ಹಾಲಿನ ಟೆಂಪೋದಲ್ಲಿ ಕ್ಯಾನುಗಳನ್ನು ಇಳಿಸಿ ಅವ್ವನನ್ನು ಮಲಗಿಸಿದ. ಏರು ಇಳಿಯುವಷ್ಟರಲ್ಲಿ ಟೆಂಪೋ ಕೆಸರಿನಲ್ಲಿ ಹೂತಿತು, ಎತ್ತಿದೆವು, ಮತ್ತೆ ಹೂತಿತು. ಕ್ರಾಸು ಮುಟ್ಟಿದಾಗ ಬೆಳಕು ಹರಿದಿತ್ತು. ಬಡಾವಣೆಯ ಬೀದಿದೀಪಗಳೆಲ್ಲ ಉರಿಯುತ್ತಿದ್ದವು. ಮನೆಯಿಲ್ಲದ ಊರಿನ ನಡುವೆ ಬಸ್ಸು ನಿಂತಿತ್ತು.

ಮಾಸ್ತಪ್ಪ ಬನಿಯನ್ನಿನಲ್ಲೇ ಓಡಿ ಬಂದ. ಅವನೂ ಉಮೇಶನೂ ಸೇರಿ ಅವ್ವನನ್ನು ಎತ್ತಿ ಮೊದಲ ಸೀಟಿಗೆ ಕೂರಿಸಿದರು. ಅಲ್ಲಿ ಟವೆಲು ಹಾಸಿಯೇ ಇತ್ತು.

ಅವ್ವ ಕಣ್ಣು ತೆರೆದಳು. "ಮಾಸ್ತಪ್ಪ... ಸೊಂಟ?"

"ಕಮ್ಮಿ ಆಗಿದೆ ಅಮ್ಮಾ," ಎಂದ ಅವನು. ಮುಖ ತಿರುಗಿಸಿ ಗೇರು ಹಾಕಿದ.

"ಹಂಗಾರೆ ಒಳ್ಳೇದಾಯ್ತು."

ಬಸ್ಸಿನಲ್ಲಿ ನಾವು ಬಿಟ್ಟರೆ ಯಾರೂ ಇರಲಿಲ್ಲ. ದಾರಿಯಲ್ಲಿ ಕೈ ಮಾಡಿದವರಿಗೂ ಉಮೇಶ ಸೀಟಿ ಊದಲಿಲ್ಲ. ಅವ್ವನ ತಲೆ ನನ್ನ ಹೆಗಲ ಮೇಲಿತ್ತು. ಅದು ಯಾವ ತಿರುವಿನಲ್ಲಿ ಭಾರವಾಯಿತೋ ತಿಳಿಯಲಿಲ್ಲ. ಆಸ್ಪತ್ರೆಯ ಬಾಗಿಲಲ್ಲಿ ನಾಡಿ ನೋಡಿದವರು ಅವಳ ಸೆರಗು ಸರಿಮಾಡಿದರು.

ಆ ಸಂಜೆ ಮಾಸ್ತಪ್ಪ ಯಾರನ್ನೂ ಕೇಳದೆ ಬಸ್ಸನ್ನು ಕ್ರಾಸು ದಾಟಿಸಿ ಏರು ಹತ್ತಿಸಿದ. ಅವ್ವ ಕೆಂಜಿಗೆಕೊಪ್ಪಕ್ಕೆ ಬಂದಳು. ಶಿವಮೊಗ್ಗದಿಂದ ಬಂದ ಅಕ್ಕ ಅವಳ ಊದಿದ ಪಾದಗಳನ್ನು ಎರಡೂ ಕೈಯಲ್ಲಿ ಹಿಡಿದು ಕುಳಿತಳು. ಅವಳನ್ನು ಯಾರೂ ಬೈಯಲಿಲ್ಲ. ಬೈದಿದ್ದರೆ ಅಳುತ್ತಿದ್ದಳೇನೋ.

ದಹನ ಮುಗಿದ ಮೇಲೆ ದುರ್ಗಮ್ಮ ಎರಡು ತಟ್ಟೆ ಅನ್ನ ತಂದು ಡೈರಿಯ ಜಗಲಿಯಲ್ಲಿಟ್ಟಳು. "ಸರದಿ ನಮ್ಮದು. ಉಣ್ಣಿ." ಉಮೇಶ ತಲೆ ತಗ್ಗಿಸಿ ಉಂಡ. ಮಾಸ್ತಪ್ಪ ಅನ್ನ ಕಲಸಿದ, ಕಲಸುತ್ತಲೇ ಇದ್ದ. ಕೊನೆಗೆ ಕೈತೊಳೆದು ಎದ್ದ.

"ಇಲ್ಲೇ ಮಲಗಣ್ಣ ಇವತ್ತು," ಎಂದೆ.

"ಗಾಡಿ ಅಲ್ಲೇ ಇರ್ಬೇಕಂತೆ ತಂಗಿ," ಎಂದ.

ಬಸ್ಸು ತಿರುಗಿತು. ಕೆಂಪು ದೀಪಗಳೆರಡು ಮರಗಳ ಸಂದಿಯಲ್ಲಿ ಇಳಿದು ಹೋದವು. ಆಮೆ ಬರದಿದ್ದರೆ ಎಂದು ನಾನು ಮತ್ತೆ ಕೇಳಲಿಲ್ಲ. ಮನೆಯೊಳಗೆ ಕಂಬಳಿ ಹೊದ್ದುಕೊಂಡು ಮಲಗು ಎನ್ನುವವರು ಯಾರೂ ಇರಲಿಲ್ಲ.