ಬಂಡೆ ಹತ್ತುವ ಗಾಡಿ

ಗಂಡ ಹೆಂಡತಿ ಇಬ್ಬರೂ ಕೈಕೆಲಸ ಬಲ್ಲವರಾದರೆ ಮನೆ ತಣ್ಣಗಿರುತ್ತದೆ ಎಂದು ಯಾರಾದರೂ ಹೇಳಿದರೆ ದಯವಿಟ್ಟು ನಂಬಬೇಡಿ. ಈ ಮನೆಯಲ್ಲಿ ಗಂಡ ಫ್ಯಾಕ್ಟರಿಯಲ್ಲಿ ವೆಲ್ಡರ್, ಹೆಂಡತಿ ಪೇಂಟರ್, ಇಬ್ಬರಿಗೂ ಹಿತ್ತಲಲ್ಲಿ ಒಂದೇ ಶೆಡ್ಡು. ಅವನು ಬೆಸೆದ ಕಡೆ ಅವಳು ಉಬ್ಬು ಹುಡುಕುತ್ತಾಳೆ, ಅವಳು ಬಳಿದ ಕಡೆ ಅವನು ಬಣ್ಣ ಸೋರಿದ ಗೆರೆ ಹುಡುಕುತ್ತಾನೆ. ಮದುವೆಯಾದಾಗಿನಿಂದ ಇದೇ ರಾಗ.

ಅಂಥವರ ತಲೆ ತಿಂದು ಕೂತವಳು ಮಗಳು. ಅವಳಿಗೆ ಬಂಡೆ ಹತ್ತುವ ಗಾಡಿ ಬೇಕಂತೆ! ರಸ್ತೆಯಲ್ಲಿ ಓಡಿಸಲಿಕ್ಕಲ್ಲ, ಮನುಷ್ಯರೇ ಕೈಕಾಲೂರಿ ಹತ್ತುವಂಥ ಬಂಡೆಗಳನ್ನು ಆಮೆಯಂತೆ ತೆವಳಿಕೊಂಡು ಹತ್ತಲಿಕ್ಕೆ. "ಕೊಂಡ್ಕೊಳ್ಳೋದು ಬೇಡಪ್ಪಾ, ನಾವೇ ಕಟ್ಟೋಣ" ಎಂದಳು ನೋಡಿ, ಅಪ್ಪ ಅಲ್ಲೇ ಕರಗಿಹೋದ. ಗುಜರಿಯಿಂದ ಹಳೇ ಜೀಪಿನ ಆಕ್ಸಲ್ಲು ಬಂತು, ಮೂತಿ ಜಜ್ಜಿಹೋದ ಕಾರೊಂದರ ಇಂಜಿನ್ನು ಬಂತು, ಟೈರಂಗಡಿಯವನು ಸೊಂಟದೆತ್ತರದ ಟೈರುಗಳನ್ನು ಉರುಳಿಸಿಕೊಂಡು ಬಂದ. ಇವೆಲ್ಲದರ ಮೇಲೆ ಉಕ್ಕಿನ ಪೈಪುಗಳನ್ನು ಬಗ್ಗಿಸಿ ಅಪ್ಪ ಒಂದು ಪಂಜರ ಕಟ್ಟಿದ. ಇಂಥ ಗಾಡಿ ಒಂದಲ್ಲ ಒಂದು ದಿನ ಪಲ್ಟಿ ಹೊಡೆಯುವುದೇ. ಆಗ ಒಳಗೆ ಕೂತವರ ತಲೆ ಕಾಯುವುದು ಆ ಪಂಜರ ಮಾತ್ರ.

ಶೆಡ್ಡಿನಲ್ಲಿ ಒಂದು ಕಟ್ಟಳೆಯಿತ್ತು. ಅವನು ಮೊದಲು ಪೈಪುಗಳನ್ನು ಅಲ್ಲಲ್ಲಿ ಚುಕ್ಕಿ ಬೆಸುಗೆ ಹಾಕಿ ನಿಲ್ಲಿಸಿ, ಅಂಥ ಪ್ರತಿ ಸಂದಿಗೂ ಸೀಮೆಸುಣ್ಣದಲ್ಲಿ ಸುತ್ತು ಹಾಕುತ್ತಿದ್ದ. ಆಮೇಲೆ ಸುತ್ತಲೂ ಪೂರ್ತಿ ಬೆಸೆದಾದ ಮೇಲೆ ಹೆಬ್ಬೆರಳಿನಿಂದ ಅದನ್ನು ಒರೆಸುತ್ತಿದ್ದ. ಸುತ್ತು ಇದ್ದರೆ ಕೆಲಸ ಬಾಕಿ, ಇಲ್ಲದಿದ್ದರೆ ಮುಗಿಯಿತು. ಸುತ್ತು ಇರುವ ಸಂದಿಗೆ ಅವಳು ಬ್ರಷ್ಷು ತಾಗಿಸುವಂತಿಲ್ಲ. ಎಷ್ಟೇ ಜಗಳವಾಗಲಿ, ಈ ಮಾತನ್ನು ಮಾತ್ರ ಇಬ್ಬರೂ ಮೀರಿದವರಲ್ಲ.

ಹಾಗಾಗಿ ಗಾಡಿಯನ್ನು ಮೊದಲ ಸಲ ಬಂಡೆ ಹತ್ತಿಸುವ ಆ ಭಾನುವಾರ ಊರಾಚೆಯ ಹಾಳು ಕಲ್ಲುಗಣಿಯಲ್ಲಿ ಅವಳು ಬಿಂಕದಿಂದಲೇ ನಿಂತಿದ್ದಳು. ಮಗಳಿಗಾಗಿ ಅವಳೇ ಬೆರೆಸಿದ ಹಸಿರು ಬಣ್ಣ ಬಿಸಿಲಿಗೆ ಮಿರಿಮಿರಿ ಮಿಂಚುತ್ತಿತ್ತು. ಪಂಜರದಲ್ಲಿ ಒಂದು ಸಂದಿಯೂ ಕಾಣದ ಹಾಗೆ ಲಪ್ಪ, ಅಂದರೆ ಪೇಂಟರುಗಳ ಪುಟ್ಟಿ, ತುಂಬಿ, ಉಜ್ಜಿ, ನುಣ್ಣಗೆ ಮಾಡಿದ್ದಳು. "ಬೆಸುಗೆ ಕಾಣ್ಬೇಕು ಕಣೇ, ಅದೇ ಚೆಂದ" ಎಂದು ಗಂಡ ಗೊಣಗಿದ್ದ. "ನಿಮ್ಮ ಬೆಸುಗೆ ನೋಡೋಕೆ ಯಾರು ಕಾಯ್ತಾ ಕೂತಿದ್ದಾರೆ?" ಎಂದು ಬಾಯಿ ಮುಚ್ಚಿಸಿದ್ದಳು.

ಮಗಳು ಬೆಲ್ಟು ಬಿಗಿದುಕೊಂಡು, ಹೆಲ್ಮೆಟ್ಟು ಹಾಕಿಕೊಂಡು, ಬಂಡೆಗೆ ಮುಂದಿನ ಚಕ್ರ ಇಟ್ಟಳು. ಅಪ್ಪ ಮೇಲೆ ನಿಂತು ಕೈಸನ್ನೆ ಮಾಡುತ್ತಿದ್ದ. ಗಾಡಿಯೊಳಗೆ ಕೂತವರಿಗೆ ಚಕ್ರದ ಕೆಳಗಿನ ಕಲ್ಲು ಕಾಣುವುದಿಲ್ಲ, ಮೇಲಿದ್ದವನ ಕೈಯೇ ಕಣ್ಣು. ಬೆರಳು ಎತ್ತ ತೋರಿಸಿದರೆ ಅತ್ತ, ಮುಷ್ಟಿ ಹಿಡಿದರೆ ನಿಲ್ಲಬೇಕು. "ಯಾರು ಕೂಗಿದ್ರೂ ತಿರುಗ್ಬೇಡ, ನನ್ನ ಕೈ ಮಾತ್ರ ನೋಡು" ಎಂದು ಅವನು ಮಗಳಿಗೆ ಸಾವಿರ ಸಲ ಹೇಳಿದ್ದ.

ಗಾಡಿ ಒಂದು ಬದಿಗೆ ವಾಲುತ್ತ ಹತ್ತತೊಡಗಿತು. ಕೆಳಗೆ ಅಮ್ಮನ ಪಕ್ಕದಲ್ಲಿ ಟೈರಂಗಡಿಯವನು ಹಲ್ಲು ಕಿರಿಯುತ್ತ ನಿಂತಿದ್ದ.

"ಯಜಮಾನರಿಗೆ ವಯಸ್ಸಾಯ್ತಕ್ಕಾ" ಎಂದ.

"ಯಾಕೆ? ಏನು ಮಾಡಿದ್ರು?"

"ಮೇಲಿನ ಪೈಪಿನ ಸಂದಿಗಳನ್ನ ಬಾಕಿ ಬಿಟ್ಟು ಡ್ಯೂಟಿಗೆ ಹೋಗಿದ್ದೆ ಅಂದ್ಕೊಂಡಿದ್ರಂತೆ. ವಾಪಸ್ ಬಂದು ನೋಡಿದ್ರೆ ನೀವು ಪ್ರೈಮರ್ ಹೊಡೆದಾಗಿದೆ. ‘ಅವಳು ಹೊಡೆದಿದ್ದಾಳೆ ಅಂದ್ರೆ ಸುತ್ತು ಇರ್ಲಿಲ್ಲ, ನಾನೇ ಮುಗಿಸಿ ಮರೆತಿದ್ದೀನಿ’ ಅಂತ ಇಲ್ಲಿಗೆ ಬರೋವಾಗ ದಾರಿಯುದ್ದಕ್ಕೂ ನಗ್ತಿದ್ರು."

ಅವಳು ತಟ್ಟನೆ ತಲೆಯೆತ್ತಿ ಗಾಡಿಯ ಮೇಲಿನ ಪೈಪು ನೋಡಿದಳು.

ಗಂಡ ಡ್ಯೂಟಿಗೆ ಹೋಗಿದ್ದ ಆ ದಿನ ಅವಳು ಕೆಳಗಿನ ಸಂದಿಗಳ ಲಪ್ಪ ಉಜ್ಜಿದ್ದಳು. ಬಿಳೀ ಧೂಳು ಎದ್ದು ಪಂಜರದ ತುಂಬ ಕೂತಿತ್ತು. ಧೂಳಿದ್ದರೆ ಬಣ್ಣ ಹಿಡಿಯುವುದಿಲ್ಲವಲ್ಲ, ಥಿನ್ನರಿನ ಬಟ್ಟೆಯಿಂದ ಪೈಪು ಪೈಪನ್ನೂ ಒರೆಸಿದ್ದಳು. ಮೇಲಿನದನ್ನೂ ಒರೆಸಿದ್ದಳು. ಬಿಳಿಯ ಮೇಲೆ ಬಿಳಿ, ಅದರಲ್ಲಿ ಸೀಮೆಸುಣ್ಣ ಯಾವುದು, ಧೂಳು ಯಾವುದು? ಸ್ಟೂಲು ಹತ್ತಿ ಕೈಯಾಡಿಸಿದಾಗ ಒರಟೊರಟಾಗಿ ಸಿಕ್ಕಿತ್ತು. ಪೂರ್ತಿ ಬೆಸುಗೆಯೇ ಎಂದುಕೊಂಡು ಮೇಲೆ ಲಪ್ಪ ಮೆತ್ತಿ, ಪ್ರೈಮರನ್ನೂ ಹೊಡೆದಿದ್ದಳು. ಅಯ್ಯೋ ದೇವರೇ, ಅವಳೇ ಒರೆಸಿದ್ದಳು!

ಕೂಗಲು ಬಾಯಿ ತೆರೆದಳು. ಕೂಗಲಿಲ್ಲ. ಕೂಗಿದರೆ ಇಂಜಿನ್ನಿನ ಸದ್ದಿನಲ್ಲಿ ಮಗಳಿಗಂತೂ ಕೇಳುವುದಿಲ್ಲ. ಗಂಡ ಬೆಚ್ಚಿ ತಿರುಗಿದರೆ ಅವನ ಕೈ ತಿರುಗುತ್ತದೆ. ಕೈ ತಿರುಗಿದರೆ ಮಗಳೂ ಸ್ಟಿಯರಿಂಗ್ ತಿರುಗಿಸುತ್ತಾಳೆ, ಅಷ್ಟು ವಾಲಿದ ಗಾಡಿ ಉರುಳುತ್ತದೆ. ಅವಳು ಚಪ್ಪಲಿ ಬಿಟ್ಟು ಪಕ್ಕದ ಕಲ್ಲುಗಳನ್ನು ಹಿಡಿದುಕೊಂಡು ಹತ್ತಿದಳು. ಮಂಡಿ ತರಚಿತು, ಸೆರಗು ಸಿಕ್ಕಿ ಹರಿಯಿತು. "ಅಕ್ಕಾ, ಎಲ್ಲಿಗೆ?" ಎಂದು ಕೆಳಗಿನಿಂದ ಟೈರಂಗಡಿಯವನು ಕೇಳುತ್ತಲೇ ಇದ್ದ.

ಗಂಡನ ಬೆನ್ನ ಹಿಂದೆ ಬಂದು ನಿಂತು, ಉಸಿರು ನುಂಗಿ, ಅವನ ಕಿವಿಯ ಹತ್ತಿರ ಮೆಲ್ಲಗೆ ಹೇಳಿದಳು. "ರೀ, ತಿರುಗ್ಬೇಡಿ. ಮುಷ್ಟಿ ಹಿಡೀರಿ."

ಹೆಂಡತಿ ಹೇಳಿದ್ದನ್ನು ವಾದ ಮಾಡದೆ ಒಪ್ಪಿದ ಚರಿತ್ರೆಯೇ ಇಲ್ಲದ ಮನುಷ್ಯ ಮುಷ್ಟಿ ಹಿಡಿದ. ಗಾಡಿ ನಿಂತಿತು. ಒಂದು ಹಿಂದಿನ ಚಕ್ರ ಗಾಳಿಯಲ್ಲಿ ತೇಲುತ್ತಿತ್ತು.

"ಏನಾಯ್ತೇ?"

"ಮೇಲಿನ ಸಂದಿಯ ಸುತ್ತು ಒರೆಸಿದ್ದು ನಾನು. ಧೂಳು ಅಂತ ಒರೆಸ್ಬಿಟ್ಟೆ. ನೀವು ಬೆಸೆದೇ ಇಲ್ಲ."

ಅವನ ಕುತ್ತಿಗೆಯ ಹಿಂಭಾಗ ಬಿಳಿಚಿಕೊಂಡಿದ್ದು ಅವಳಿಗೆ ಕಂಡಿತು. ಅವನು ಬೈಯುತ್ತಾನೆ ಎಂದುಕೊಂಡಳು. ಬೈದಿದ್ದರೆ ಎಷ್ಟೋ ಹಾಯೆನಿಸುತ್ತಿತ್ತು. ಅವನು ಎಡಗೈಯಿಂದ ಬಲ ಮಣಿಕಟ್ಟನ್ನು ಗಟ್ಟಿಯಾಗಿ ಹಿಡಿದುಕೊಂಡ, ನಡುಗಬಾರದೆಂದು. ಆಮೇಲೆ ಬಲಗೈ ಬೆರಳುಗಳನ್ನು ಬಿಡಿಸಿ ಮೆಲ್ಲಗೆ ಹಿಂದಕ್ಕೆ ಎಂದು ಸನ್ನೆ ಮಾಡಿದ. ಗಾಡಿ ಗೇಣುದ್ದ ಜಾರಿತು. ಮುಷ್ಟಿ. ಮತ್ತೆ ಗೇಣುದ್ದ. ಮುಷ್ಟಿ. ಗಾಳಿಯಲ್ಲಿದ್ದ ಚಕ್ರ ಕಲ್ಲು ಮುಟ್ಟುವಾಗ ಗಾಡಿ ದಡಾರನೆ ಅಲುಗಿತು, ಅವಳು ಕಣ್ಣು ಮುಚ್ಚಿಕೊಂಡುಬಿಟ್ಟಳು. ಕಣ್ಣು ಬಿಟ್ಟಾಗ ನಾಲ್ಕೂ ಚಕ್ರ ನೆಲದ ಮೇಲಿದ್ದವು.

ಮಗಳು ಹೆಲ್ಮೆಟ್ಟು ಕಿತ್ತು ಹೊರಬಂದವಳೇ ರೇಗಿದಳು. "ಯಾಕಪ್ಪಾ ನಿಲ್ಸಿದ್ದು? ಹತ್ತೇಬಿಟ್ಟಿದ್ದೆನಲ್ಲಾ! ಅಮ್ಮ ಬಂದು ಏನು ಊದಿದ್ಲು?"

ಅಪ್ಪ ಸಲಕರಣೆ ಪೆಟ್ಟಿಗೆಯಿಂದ ಸುತ್ತಿಗೆ ತಂದು, ಸೀಟಿನ ನೇರ ಮೇಲಿದ್ದ ಅಡ್ಡಪೈಪಿನ ಸಂದಿಗೆ ಒಂದೇಟು ಕೊಟ್ಟ. ದೊಡ್ಡ ಏಟೇನಲ್ಲ. ಹಸಿರು ಲಪ್ಪ ಹಪ್ಪಳದ ಹಾಗೆ ಚೂರುಚೂರಾಗಿ ಉದುರಿತು. ಒಳಗೆ ಅವನು ಹಾಕಿದ್ದ ಚುಕ್ಕಿಗಳು ಟಕ್ಕೆಂದು ಬಿಟ್ಟುಕೊಂಡವು. ಇನ್ನೊಂದು ತುದಿಗೂ ಹೊಡೆದ. ಆ ಪೈಪು ಸೀದಾ ಕೆಳಗೆ ಬಂದು, ಮಗಳು ಇಷ್ಟು ಹೊತ್ತು ತಲೆ ಆನಿಸಿಕೊಂಡಿದ್ದ ಜಾಗಕ್ಕೇ ಬಡಿದು, ಸೀಟಿನ ಮೇಲೆ ಬಿತ್ತು.

ಮಗಳು ಸೀಟು ನೋಡಿದಳು, ಅಪ್ಪನನ್ನು ನೋಡಿದಳು.

"ನಾನು ಇದರ ಕೆಳಗಾ ಕೂತಿದ್ದು?"

ಅಪ್ಪ ಸುತ್ತಿಗೆ ಕೆಳಗಿಟ್ಟು ಅಲ್ಲೇ ನೆಲದ ಮೇಲೆ ಕೂತ. "ಒಂದ್ಸಲ ಕೇಳ್ಬೇಕಿತ್ತು ಕಣೇ" ಎಂದ ಹೆಂಡತಿಗೆ. "ಮುಗಿಸಿದ್ನಾ ಇಲ್ವಾ ಅಂತ ನಾನೇ ನಿನ್ನ ಕೇಳ್ಬೇಕಿತ್ತು. ನಕ್ಕುಬಿಟ್ಟೆ."

ಅವಳು ಮಗಳ ಹತ್ತಿರ ಹೋಗಿ ಎರಡೂ ಅಂಗೈಗಳನ್ನು ಅವಳ ತಲೆಯ ಮೇಲಿಟ್ಟಳು. ನೆತ್ತಿ, ಕಿವಿಯ ಹಿಂದೆ, ಕುತ್ತಿಗೆ, ಹೆಗಲು, ಎಲ್ಲ ಕಡೆ ಒತ್ತಿ ಒತ್ತಿ ಸವರಿದಳು.

"ಅಮ್ಮಾ, ನಂಗೇನೂ ಆಗಿಲ್ಲ. ಗಾಡಿ ಉರುಳ್ಲೇ ಇಲ್ಲ ಅಲ್ವಾ?"

"ಹೂಂ" ಎಂದಳು ಅಮ್ಮ. ಮತ್ತೆ ನೆತ್ತಿಯಿಂದ ಶುರುಮಾಡಿದಳು.