ಓಸ್ಲೊದ ಬಿಸಿಲಿಗೆ ಹರವಿದ ಬಂಗಡೆ

ಗಂಗಿ ಕಾಸರಕೋಡದ ದಂಡೆಯಲ್ಲಿ ಅರೆ ಒಣಗಿದ ಬಂಗಡೆ ಮೀನುಗಳನ್ನು ಒಂದೊಂದಾಗಿ ಮಗುಚುತ್ತಾ, ಎಡಗೈಯ ಕೋಲಿನಿಂದ ಕಾಗೆ ಅಟ್ಟುತ್ತಿರುವಾಗ ತಂಗಿ ಮಾಲತಿ ಕುಮಟೆಯಿಂದ ಬಂದಳು. ಕೈಯಲ್ಲಿ ಮತ್ತದೇ ಪತ್ರ, ಗಂಗಿ ಓಸ್ಲೊಗೆಂದು ಬರೆಸಿದ ತಪ್ಪೊಪ್ಪಿಗೆ. ವರ್ಷ ತುಂಬುವುದರೊಳಗೆ ಏಳು ಸಲ ತಿದ್ದಿದ್ದಳು; ಮೂವತ್ತು ವರ್ಷ ಹೈಸ್ಕೂಲಿನಲ್ಲಿ ಇಂಗ್ಲಿಷ್ ಕಲಿಸಿದ ಕೈ ಸುಮ್ಮನಿರುವುದಿಲ್ಲ. ತಿದ್ದಿದಷ್ಟೂ ಗಂಗಿಯ ತಪ್ಪು ಸವೆಯುತ್ತಾ ಹೋಗಿ, ಈಗ ಪತ್ರದಲ್ಲಿ ಬರೀ ಹವಾಮಾನ ಉಳಿದಿತ್ತು.

ಆದದ್ದು ಇಷ್ಟು. ಹೋದ ಜೂನಿನಲ್ಲಿ ಮಾಲತಿ ಓಸ್ಲೊ ನೋಡಲು ಹೊರಟವಳು, ಜೊತೆಯ ಗೆಳತಿ ಮೊಣಕಾಲು ನೋವೆಂದು ಹಿಂದೆ ಸರಿದಾಗ ಅಕ್ಕನನ್ನೇ ಹೊರಡಿಸಿದಳು. ಅರಮನೆ, ಹಡಗು ಎಲ್ಲ ನೋಡಿದರೂ ಗಂಗಿಯ ಜೀವ ಬಿಸಿಲಿನಲ್ಲೇ. ರಾತ್ರಿ ಹತ್ತಾದರೂ ಮುಳುಗದ ಸೂರ್ಯ, ಅಷ್ಟುದ್ದದ ಬಂದರು, ಒಬ್ಬರಾದರೂ ಒಂದು ಮೀನು ಹರವಿಲ್ಲ. ದಂಡವಾಗುವ ಬಿಸಿಲನ್ನು ಮೂರು ದಿನ ಸಹಿಸಿದಳು. ನಾಲ್ಕನೆಯ ದಿನ ಬಂಗಡೆ ತಂದು, ಸೀಳಿ, ಉಪ್ಪು ಸವರಿ, ಇಳಿದುಕೊಂಡಿದ್ದ ಮನೆಯ ಬಾಲ್ಕನಿಯಲ್ಲಿ ಹರವಿ ಚಾ ಕುಡಿಯಲು ಒಳಹೋದಳು. ಊರಿನಂಥ ಕಾಗೆ ಕಾಣಲಿಲ್ಲವೆಂದು ಕಾವಲು ಕೂರಲಿಲ್ಲ. ಕಡಲಹಕ್ಕಿಗಳು ದಿಬ್ಬಣದ ಹಾಗೆ ಬಂದು ಉಂಡು, ಮನೆಯೊಡತಿ ಸಿಗ್ರಿಡ್‌ಳ ನೀಲಿ ಹೂಕುಂಡ ಉರುಳಿಸಿ ಚೂರು ಮಾಡಿ ಹಾರಿದವು.

ಸಿಗ್ರಿಡ್ ಬರುವಷ್ಟರಲ್ಲಿ ಮಾಲತಿ ಮುಳ್ಳು ಗುಡಿಸಿ, ಗಾಳಿ ಬಂತು, ಹಕ್ಕಿ ಬಂತು ಎಂದುಬಿಟ್ಟಳು. ಆ ಪುಣ್ಯಾತ್ಗಿತ್ತಿ, ನಮ್ಮೂರ ಹಕ್ಕಿಗಳ ಪುಂಡಾಟಕ್ಕೆ ಕ್ಷಮಿಸಿ ಎಂದು ಒಂದು ಬಾಟಲಿ ಜಾಮ್ ಕೊಟ್ಟಳು. ಅದು ಇವತ್ತಿಗೂ ಗಂಗಿಯ ಅಡಿಗೆಮನೆಯಲ್ಲಿದೆ. ನಿಜ ಹೇಳದೆ ಅದನ್ನು ಬಾಯಿಗಿಡಲು ಅವಳಿಗೆ ಮನಸ್ಸಿಲ್ಲ.

"ಇನ್ನು ಪತ್ರ ಬೇಡ ಬಿಡು ಅಕ್ಕ. ನಿನ್ನೆ ಸಿಗ್ರಿಡ್‌ಳ ಮೆಸೇಜ್ ಬಂತು. ಹಕ್ಕಿ ಕಾಟಕ್ಕೆ ಬಾಲ್ಕನಿಗೆ ಬಲೆ ಕಟ್ಟಿಸಿದಳಂತೆ," ಎಂದಳು ಮಾಲತಿ.

ಗಂಗಿಯ ಕೋಲು ನಿಂತಿತು. ಅದನ್ನೇ ಕಾಯುತ್ತಿದ್ದ ಕಾಗೆಯೊಂದು ಬಂಗಡೆ ಎತ್ತಿಕೊಂಡು ಹಾರಿತು.

"ಕಂಡ್ಯಾ, ಇದು ಕಾಗೆ ಮಾಡಿದ್ದು. ಅಲ್ಲಿ ಆದದ್ದು ನಾ ಮಾಡಿದ್ದು. ಹಕ್ಕಿಗೆ ಎಂತಕ್ಕೆ ಶಿಕ್ಷೆ?"

"ನಿಜ ಹೇಳಿದರೆ ದೇಶದ ಮರ್ಯಾದೆ ಹೋಗ್ತದೆ ಅಕ್ಕ."

"ಬಂಗಡೆ ಹರವಿದ್ದು ದೇಶವಾ? ಬರಿ ಮಾರಾಯ್ತಿ, ನಾ ಹೇಳಿದ ಹಾಗೆ."

ಮಾಲತಿ ಹೊಸ ಹಾಳೆಯಲ್ಲಿ ಬರೆದಳು. ಮೀನು ಹರವಿದ್ದು ನಾನು. ಕಾವಲು ಕೂರದವಳೂ ನಾನು. ಬಲೆ ಬಿಚ್ಚಿಸು. ಕೆಳಗೆ ಗಂಗಿ ಕನ್ನಡದಲ್ಲಿ ರುಜು ಹಾಕಿ, ತಿದ್ದಲು ಬಂದ ತಂಗಿಯ ಕೈಗೆ ಕೋಲು ಕೊಟ್ಟು ಮೀನಿನ ಕಾವಲಿಗೆ ಕೂರಿಸಿ, ತಾನು ಅಂಚೆ ಕಚೇರಿಗೆ ನಡೆದಳು.

ಅಂಚೆಯ ದಿನೇಶ ಕವರು ಮೂಸಿ ನೋಡಿ, ಒಣಮೀನು ವಿದೇಶಕ್ಕೆ ಹೋಗುವುದಿಲ್ಲ ಎಂದ.

"ಮೀನಿಲ್ಲ ತಮಾ, ಮೀನಿನ ಸುದ್ದಿ ಅಷ್ಟೆ."

ಅವನು ಇನ್ನೊಮ್ಮೆ ಮೂಸಿ, ಅಂಚೆಚೀಟಿ ಹಚ್ಚಿ, ಠಪ್ಪೆಂದು ಮುದ್ರೆ ಒತ್ತಿ ಪತ್ರವನ್ನು ಚೀಲಕ್ಕೆ ಹಾಕಿದ.